ಒಬ್ಬೊಬ್ಬರೇ ದಾಟಬೇಕಿದ್ದ ಸಂಕ

ಸೂರಣ್ಣ, ಹೊಳೆ ದಾಟಲು ನೀವು ಕಟ್ಟಿದ್ದ ಸಂಕ ಮುರಿದದ್ದು ನಾನು. ಮರ ಹಳತಾಗಿರಲಿಲ್ಲ, ನಿಮ್ಮ ಕಟ್ಟು ಸಡಿಲವಾಗಿರಲಿಲ್ಲ. ನಿಮ್ಮ ಹೆಂಡತಿ ಗುಲಾಬಕ್ಕ ಹೊಳೆಗೆ ಬಿದ್ದು ಸೊಂಟ ಮುರಿದುಕೊಂಡದ್ದು ನಿಮ್ಮಿಂದಲ್ಲ — ನನ್ನಿಂದ. ನಾಲ್ಕು ವರ್ಷ ಈ ಒಂದು ಮಾತನ್ನು ಬಾಯಲ್ಲಿಟ್ಟುಕೊಂಡೇ ನಿಮ್ಮ ಜಗಲಿಯಲ್ಲಿ ಕೂತು ಚಾ ಕುಡಿದಿದ್ದೇನೆ. ನಾಚಿಕೆ ಇಲ್ಲದವಳು ನಾನು.

ನನ್ನ ಹುಚ್ಚು ನಿಮಗೆ ಗೊತ್ತಲ್ಲ. ಕುಂದಾಪುರದಲ್ಲಿ ಸೈಕಲ್ ಅಂಗಡಿ ಇಟ್ಟವಳು ಪಂಕ್ಚರ್ ಹಾಕಿಕೊಂಡು ಸುಮ್ಮನಿರಬೇಕಿತ್ತು. ಇಲ್ಲ — ಬ್ರಹ್ಮಾವರದಿಂದ ಶಿರೂರಿನವರೆಗೆ ಟಾರು ರಸ್ತೆಯನ್ನು ಆದಷ್ಟು ಮುಟ್ಟದೆ ಸೈಕಲ್ ಹೊಡೆಯುವ ದಾರಿಯೊಂದನ್ನು ಹುಡುಕಿ, ಹೊರಗಿನವರನ್ನು ಕರೆದುಕೊಂಡು ಹೋಗತೊಡಗಿದೆ. ಮುರಕಲ್ಲಿನ ಗುಡ್ಡ, ಜಲ್ಲಿ ಹಾದಿ, ಗದ್ದೆಯಂಚು, ಮತ್ತೆ ಏದುಸಿರು ಬಿಡಿಸುವ ಏರು. ಯಡ್ತರೆಯ ಹಿಂದಿನ ಗುಡ್ಡ ಇಳಿದರೆ ನಿಮ್ಮ ಮನೆ, ಮನೆಯ ಕೆಳಗೆ ಹೊಳೆ, ಹೊಳೆಗೆ ನಿಮ್ಮ ಸಂಕ. ಬೋಗಿಮರದ ಎರಡು ದಿಮ್ಮಿ, ಮೇಲೆ ಅಡ್ಡಕ್ಕೆ ಬಿದಿರಿನ ದಬ್ಬೆ, ಗಂಗೊಳ್ಳಿಯಿಂದ ತಂದ ದೋಣಿಯ ಹಗ್ಗದಲ್ಲಿ ಬಿಗಿದ ಕಟ್ಟು. ಮಳೆಗಾಲಕ್ಕೆ ಮೊದಲು ನೀವೇ ಕಟ್ಟುತ್ತಿದ್ದಿರಿ. ಇಡೀ ದಾರಿಯಲ್ಲಿ ನನಗೆ ಹೆಚ್ಚು ಇಷ್ಟವಾದ ಜಾಗ ಅದೇ.

ಆ ದಿನ ಮಳೆ ಬಿಟ್ಟಿತ್ತು, ಹೊಳೆ ಇಳಿದು ಬಂಡೆಗಳು ಕಾಣುತ್ತಿದ್ದವು. ಆರು ಜನ ನನ್ನ ಹಿಂದೆ. ನೀವು ಅಂಗಳದಿಂದ ಕೂಗಿದಿರಿ — "ಹ್ವಾಯ್, ಒಬ್ಬೊಬ್ರೇ ಹೋಯ್ಕ್ ಕಾಣಿ! ಒಬ್ರ್ ಆಚಿ ಮುಟ್ಟಿದ್ ಮೇಲೇ ಇನ್ನೊಬ್ರ್. ಅದ್ ನನ್ ಹೆಂಡ್ತಿ ದಿನಾ ಹಾಲ್ ಹೊತ್ಕಂಡ್ ಹೋಪ ಸಂಕ."

ಕೇಳಿಸಿತು. ಕೇಳಿಸಲಿಲ್ಲ ಎನ್ನುವ ಹಾಗಿಲ್ಲ, ಆಯಿತೆಂದು ಕೈ ಬೀಸಿದವಳೇ ನಾನು. ತಿರುವು ದಾಟಿ ಸಂಕದ ಹತ್ತಿರ ಬಂದದ್ದೇ — ಬೆಳಕು ಚೆಂದ ಇತ್ತು — ಫೋಟೊದ ಆಸೆ ಹತ್ತಿತು. ಆರು ಜನ, ಆರು ಸೈಕಲ್, ಸಂಕದ ಮೇಲೆ ಸಾಲಾಗಿ. ಒಬ್ಬ ಹಿಂಜರಿದ. ಆಗ ನಾನು ಅಂದದ್ದು ಇಷ್ಟು: "ಎಂತ ಆತಿಲ್ಲ ಮಾರಾಯ್ರೆ, ಎಲ್ಲ ಒಟ್ಟಿಗೆ ನಿಲ್ಲಿ."

ಫೋಟೊ ಬಂತು. ಅದರ ಹಿಂದೆಯೇ ಲಟಕ್ ಎಂಬ ಸದ್ದೂ ಬಂತು. ಅವರನ್ನು ಆಚೆ ದಾಟಿಸಿ ನಾನೊಬ್ಬಳೇ ಬಗ್ಗಿ ನೋಡಿದೆ. ಒಂದು ದಿಮ್ಮಿ ನಡುವಿನಲ್ಲಿ ಸೀಳಿತ್ತು, ನನ್ನ ಬೆರಳು ಹೋಗುವಷ್ಟು. ಬೆರಳು ಹಾಕಿಯೂ ನೋಡಿದೆ ಸೂರಣ್ಣ. ಆಮೇಲೆ — ಜರುಗಿದ್ದ ದಬ್ಬೆಯನ್ನು ಎಳೆದು ಆ ಸೀಳಿನ ಮೇಲೆ ಮುಚ್ಚಿದೆ. ಯಾಕೆ? ಬಂದವರು ಹೆದರಿ, ಇವಳ ದಾರಿ ಸರಿ ಇಲ್ಲ ಎಂದು ಹೇಳಿಕೊಂಡು ತಿರುಗಿಯಾರು ಅಂತ. ಅಷ್ಟೇ. ಅಷ್ಟಕ್ಕೇ.

ನಿಮಗೆ ಹೇಳಬೇಕು ಎಂದು ಅನ್ನಿಸದೆ ಇರಲಿಲ್ಲ. ನಿಮ್ಮ ಮನೆ ಹಿಂದಕ್ಕೆ ಐದು ನಿಮಿಷದ ಏರು. ಜನ ಹಸಿದಿದ್ದರು, ಬೈಂದೂರು ಮುಟ್ಟಿ ಫೋನ್ ಮಾಡಿದರಾಯಿತು ಅಂದುಕೊಂಡೆ. ಬೈಂದೂರಿನಲ್ಲಿ ಬನ್ಸ್ ತಿಂದೆವು, ನಗಾಡಿದೆವು, ಫೋಟೊವನ್ನು ಎಲ್ಲರಿಗೂ ಕಳಿಸಿದೆ. ಅದಕ್ಕೆ ಸಿಕ್ಕಿದ ಸಿಗ್ನಲ್ಲು ನಿಮಗೆ ಒಂದು ಫೋನ್ ಮಾಡಲು ಸಿಗಲಿಲ್ಲ ಎನ್ನಲೇ? ನೆನಪೇ ಹೋಗಿತ್ತು ಎನ್ನಲೇ? ಹೋಗಿರಲಿಲ್ಲ. ಮರುದಿನ ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದು ಡೇರಿಗೆ ಹೊರಟ ಗುಲಾಬಕ್ಕ ನಡುಸಂಕದಿಂದ ಕೆಳಗಿನ ಬಂಡೆಗೆ ಬಿದ್ದರು.

ಸೂರ ಹಳೆಯ ಮರ ಹಾಕಿದ ಎಂದು ಊರು ಹೇಳಿತು. ನೀವೂ ಒಪ್ಪಿಕೊಂಡಿರಿ! "ಆ ಬಿರ್ಕ್ ನಂಗ್ ಕಂಡಿಲ್ಲ ಅಲ್ದಾ ಹೆಣ್ಣೆ" ಎಂದು ನನ್ನ ಮುಂದೆ ಅತ್ತಿರಿ. ಮತ್ತೆ ಸಂಕ ಕಟ್ಟಲಿಲ್ಲ, ಕತ್ತಿ ಕೈಯಲ್ಲಿ ಹಿಡಿಯಲಿಲ್ಲ. ನಾನು ಎಂತ ಮಾಡಿದೆ? ನಿಮ್ಮ ಬೆನ್ನು ಸವರಿ ಸಮಾಧಾನ ಹೇಳಿದೆ. ಚಕ್ರದ ಕುರ್ಚಿ ತಂದುಕೊಟ್ಟು ಒಳ್ಳೆಯವಳು ಅನ್ನಿಸಿಕೊಂಡೆ. ಥೂ!

ಗುಲಾಬಕ್ಕ ಅಂದಿನಿಂದ ನಿಮ್ಮೊಡನೆ ಮಾತು ಬಿಟ್ಟರು. "ಹಳೇ ಮರ ಹಾಕಿ ನನ್ ಸೊಂಟ ಮುರ್ದ್ರ್" — ಇದು ಅವರು ನನಗೆ ಹೇಳಿದ್ದು, ನಿಮಗೆ ಅಷ್ಟನ್ನೂ ಹೇಳಿಲ್ಲ. ಕಳೆದ ಭಾನುವಾರ ನಾನು ಬಂದಾಗ ನೀವು ಗಂಜಿಯ ಬಟ್ಟಲು ಹಿಡಿದು ಅವರ ಕೋಣೆಯ ಬಾಗಿಲಲ್ಲಿ ನಿಂತಿದ್ದಿರಿ. ಒಳಗೆ ಕಾಲಿಡಲಿಲ್ಲ. ಬಟ್ಟಲನ್ನು ನನ್ನ ಕೈಗೆ ಕೊಟ್ಟು, "ನೀನೇ ಕೊಡ್ ಹೆಣ್ಣೆ, ನಾ ಕೊಟ್ರೆ ಅದ್ ಉಂಬುದಿಲ್ಲ" ಅಂದಿರಿ. ಕೊಟ್ಟೆ. ಅವರು ಉಂಡರು. ಆ ಸೀಳನ್ನು ಮುಚ್ಚಿದ ಇದೇ ಕೈಯಿಂದ ಉಂಡು, "ದೇವ್ರ್ ನಿನ್ನ ಚಂದ ಇಟ್ಟಿರ್ಲಿ" ಅಂದರು. ಅದಕ್ಕೇ ಈಗ ಇದನ್ನು ಬರೆಯಲು ಕೂತೆ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನಿಮಗೊಬ್ಬರಿಗೇ ಸಿಕ್ಕಿದರೆ ನೀವು ಕ್ಷಮಿಸಿಬಿಡುತ್ತೀರಿ, ಗುಲಾಬಿಗೆ ಗೊತ್ತಾಗುವುದು ಬೇಡ ಎಂದೂ ಅನ್ನುತ್ತೀರಿ. ನಿಮ್ಮನ್ನು ಬಲ್ಲೆ, ನನಗೆ ಆ ಕ್ಷಮೆಯದ್ದೇ ಹೆದರಿಕೆ. ನಾಳೆ ನಾನೇ ತಂದು, ಗುಲಾಬಕ್ಕನ ಮಂಚದ ಹತ್ತಿರ ನಿಂತು, ಇಬ್ಬರಿಗೂ ಕೇಳುವ ಹಾಗೆ ಓದುತ್ತೇನೆ. ಅವರು ಬಯ್ಯಲಿ, ಕೈಗೆ ಸಿಕ್ಕಿದ್ದನ್ನು ಎಸೆಯಲಿ, ಪೊಲೀಸರನ್ನು ಕರೆಯಲಿ. ಓದಿ ಮುಗಿದ ಮೇಲೆ ನೀವು ಬಾಗಿಲಲ್ಲೇ ನಿಲ್ಲಬೇಡಿ ಸೂರಣ್ಣ, ಒಳಗೆ ಬನ್ನಿ. ನಾಲ್ಕು ವರ್ಷದ ಮೇಲೆ ಅವರು ನಿಮ್ಮೊಡನೆ ಆಡುವ ಮೊದಲ ಮಾತು — ಅದು ಏನೇ ಇರಲಿ — ಅದನ್ನು ಕೇಳುವ ಯೋಗ್ಯತೆ ನನಗಿಲ್ಲ. ನಾನು ಅಂಗಳಕ್ಕೆ ಇಳಿದಿರುತ್ತೇನೆ.