ಚಪ್ಪಲಿ ಗೂಡಿನ ಮೇಲಿನ ಸುದ್ದಿಮನೆ

"ನನ್ನ ಫೋಟೋದಿಂದ ಸರ್ವರ್ ಬೀಳುತ್ತಾ? ಏಳನೇ ಕ್ಲಾಸ್ ದಾಟದವನ ಕೈಗೆ ಕಂಪ್ಯೂಟರ್ ಕೊಟ್ಟೆನಲ್ಲ, ನನ್ನ ಬುದ್ಧಿಗಿಷ್ಟು! ಇನ್ನೊಂದು ಸಲ ಬಿದ್ರೆ ಈ ಕಡೆ ತಲೆ ಹಾಕ್ಬೇಡ."

ನಿನ್ನೆ ಐದು ಜನರ ಎದುರು ಸಂಪಾದಕ ಮಹಾಶಯರು ಉದುರಿಸಿದ ಮುತ್ತುಗಳಿವು. ವರದಿಗಾರರಿಬ್ಬರು ಕಿಸಕ್ಕೆಂದರು. ಬೈಸಿಕೊಂಡ ರಿಪೇರಿ ಅಣ್ಣ ಇವತ್ತು ಬೆಳಗಿನ ಐದೂವರೆಗೇ ಅದೇ ಸರ್ವರ್ ಪೆಟ್ಟಿಗೆಯ ಮುಂದೆ ಮಂಡಿಯೂರಿದ್ದಾರೆ; ಪಕ್ಕದಲ್ಲಿ ಟಾರ್ಚ್ ಹಿಡಿದು ನಾನು, ಅವರ ಕೈಯಾಳು.

ನಮ್ಮೂರಿನ ಸುದ್ದಿತಾಣ ಯಾವುದೋ ಗಾಜಿನ ಕಟ್ಟಡದಿಂದ ಓಡುತ್ತದೆ ಅಂದುಕೊಂಡಿದ್ದೀರಾ? ಅದು ಓಡುವುದು ಸಂಪಾದಕರ ಮನೆಯ ಚಪ್ಪಲಿ ಗೂಡಿನ ಮೇಲಿಂದ. ಅವರ ಮಗಳು ಆಟವಾಡಿ ಬಿಸಾಕಿದ ಕಂಪ್ಯೂಟರೇ ಸರ್ವರ್. ಪಕ್ಕದ ತಗಡು ಬಿಚ್ಚಿದೆ, ಒಳಗೆ ಗಾಳಿ ಊದಲು ಟೇಬಲ್ ಫ್ಯಾನು. ಒಂಬತ್ತು ವರ್ಷದಿಂದ ಇದರ ಜೀವ ಹಿಡಿದಿರುವವರು ಅಣ್ಣ. ತಾಣದ ಅಡಿಯಲ್ಲಿ ಹದಿನಾಲ್ಕು ಹೆಸರುಗಳಿವೆ. ಅವರದಿಲ್ಲ.

ಬಿಚ್ಚಿದ ತಗಡಿನ ಮೇಲೆ ಹತ್ತೊಂಬತ್ತು ಪೆನ್ಸಿಲ್ ಗೀಟು. ಒಂದೊಂದೂ ಸರ್ವರ್ ಬಿದ್ದು ತಾಣ ನಿಂತುಹೋದ ಒಂದು ಸಲದ ಗುರುತು. ಮೊದಲು ಧೂಳು ಅಂದುಕೊಂಡು ಊದಿದರು. ಮೆಮೊರಿ ಪಟ್ಟಿ ಕಿತ್ತು ರಬ್ಬರಿನಿಂದ ಉಜ್ಜಿದರು. ಪವರ್ ಸಪ್ಲೈ ಬದಲಿಸಿದರು. ಆಮೇಲೆ ಗೀಟಿನ ಪಕ್ಕದ ಸಮಯ ಓದಿದರು: ಎಲ್ಲವೂ ಆರರಿಂದ ಆರೂಹತ್ತರ ನಡುವೆ!

"ಆರಕ್ಕೆ ಸರ್ ಅಂಕಣ ಬರುತ್ತೆ. ಜೊತೆಗೆ ಅವರ ಫೋಟೋ, ಒಂದು ಗೋಡೆಗಾಗೋವಷ್ಟು ದೊಡ್ಡದು. ಒಬ್ಬೊಬ್ಬರು ಪುಟ ತೆಗೆದಾಗ್ಲೂ ಈ ಬಡಪಾಯಿ ಅದನ್ನ ಕುಗ್ಗಿಸಿ ಕುಗ್ಗಿಸಿ ಕೊಡ್ಬೇಕು. ಸಾವಿರ ಜನ ಒಟ್ಟಿಗೆ ಬಂದ್ರೆ ಉಸಿರು ಕಟ್ಟಿ ಬೀಳುತ್ತೆ."

ಅಣ್ಣ ನಿನ್ನೆ ಹೇಳಿದ್ದೂ ಇದನ್ನೇ. ಸಿಕ್ಕಿದ ಬಹುಮಾನ ಮೇಲೆ ಓದಿದ್ದೀರಿ.

ಆರು ಗಂಟೆಗೆ ಜನ ನೋಡುವುದು ಅಂಕಣವನ್ನಲ್ಲ ಸ್ವಾಮಿ! ಯಾವ ಬೀದಿಗೆ ನೀರು, ಯಾವ ಬಸ್ಸಿಲ್ಲ, ಯಾರು ತೀರಿಕೊಂಡರು. ಕಳೆದ ವಾರ ಪುಟ ತೆರೆದುಕೊಳ್ಳದೆ, ಸಾವಿನ ಸುದ್ದಿ ತಿಳಿಯದೆ, ಅಣ್ಣನ ಎದುರುಮನೆ ಚಿಕ್ಕಮ್ಮನಿಗೆ ಗೆಳತಿಯ ಮುಖ ಕೊನೆಯ ಸಲ ನೋಡುವುದೇ ತಪ್ಪಿತು.

"ಚಿಕ್ಕಮ್ಮ ನನ್ನ ಬೈಲಿಲ್ಲ. ಬೈದಿದ್ರೆ ಎಷ್ಟೋ ವಾಸಿಯಿತ್ತು," ಎನ್ನುತ್ತಾರೆ ಅಣ್ಣ, ಕೀಲಿಮಣೆಯಿಂದ ಕಣ್ಣೆತ್ತದೆ.

ಐದೂ ಐವತ್ತಕ್ಕೆ ಅವರು ಗೋಡೆಯಷ್ಟಿದ್ದ ಫೋಟೋ ತೆಗೆದು, ಅದರದೇ ಅಂಗೈಯಗಲದ ಪ್ರತಿ ಇಡುತ್ತಾರೆ. ಕೇಳದೇ ಮಾಡಿದ ಕೆಲಸ. ಬಿದ್ದರೆ ಇದೇ ಇಲ್ಲಿ ಕೊನೆಯ ದಿನ.

ಆರು. ಆರೂ ಐದು. ಫ್ಯಾನು ಗೊರಗುಟ್ಟುತ್ತದೆ. ಆರೂ ಹತ್ತು. ಆರೂಕಾಲು. ಪೆಟ್ಟಿಗೆ ಬೀಳುವುದಿಲ್ಲ.

"ಸದ್ಯ, ನೀರು ಕಾಯೋರಿಗೆ ನೀರು ಸಿಗುತ್ತೆ. ನನ್ನ ಯಾರೂ ನೆನೆಸ್ಕೊಳ್ಳದ ದಿನವೇ ಒಳ್ಳೇ ದಿನ ಕಣೋ ತಮ್ಮಾ," ಎಂದು ನನಗೆ ಹೇಳಿ ಪೆನ್ಸಿಲನ್ನು ಕಿವಿಗೆ ಸಿಕ್ಕಿಸುತ್ತಾರೆ.

ವರದಿಗಾರರು ಬರುವ ಹೊತ್ತಿಗೆ, ಹೆಗಲ ಮೇಲೆ ಟವೆಲ್ ಹಾಕಿಕೊಂಡ ಸಂಪಾದಕರೂ ಹೊರಬರುತ್ತಾರೆ. ಫೋನು ತೆರೆದು, ತಮ್ಮ ಮುಖ ತಾವೇ ನೋಡಿ ಅರಳುತ್ತಾರೆ.

"ನೋಡಿ, ನನ್ನ ಫೋಟೋ ಎಷ್ಟು ಚೆನ್ನಾಗಿ ಬಂದಿದೆ! ಸರ್ವರ್ ಬಿತ್ತಾ? ನಿನ್ನೆ ಬಿಸಿ ಮುಟ್ಟಿಸಿದ್ದಕ್ಕೆ ಇವತ್ತು ನೆಟ್ಟಗಾಯ್ತು. ಇಂಥೋರಿಗೆ ಬೈಗುಳವೇ ಎಣ್ಣೆ. ಏನಯ್ಯಾ, ಸುಳ್ಳಾ?"

ಮತ್ತೆ ಆ ಕಿಸಕ್. ಉತ್ತರ ನನ್ನ ನಾಲಿಗೆಯ ತುದಿಗೇ ಬಂದಿದೆ. ಅಣ್ಣ ನನ್ನ ತೋಳನ್ನು ಮೆಲ್ಲಗೆ ಅದುಮುತ್ತಾರೆ. ಸ್ಕ್ರೂಡ್ರೈವರ್ ಜೇಬಿಗಿಳಿಸಿ, ಸರ್ವರಿನ ಕೆಳಗಿನ ಗೂಡಿನಿಂದ ತಮ್ಮ ಚಪ್ಪಲಿ ಎಳೆದು ಮೆಟ್ಟಿಕೊಂಡು, ತಿರುಗಿಯೂ ನೋಡದೆ ಮೆಟ್ಟಿಲಿಳಿದು ಹೋಗುತ್ತಾರೆ.