ತೊರಿಬಿಯೊನ ಸ್ವೆಟರ್ ತೊಟ್ಟ ಸಾನ್ ಪೆದ್ರೊ

ನಮ್ಮೂರಲ್ಲಿ ಗಂಡಸಾಗಿ ಹುಟ್ಟಿದವನು ಮೀನು ಹಿಡಿಯಬೇಕು. ನಾನು ಕ್ಷೌರ ಮಾಡುತ್ತೇನೆ. ದೋಣಿ ಇನ್ನೂ ಮರಳ ಮೇಲಿರುವಾಗಲೇ ಅದರಲ್ಲಿ ಕೂತರೆ ನನ್ನ ಹೊಟ್ಟೆ ತೊಳಸುತ್ತದೆ. ಆದ್ದರಿಂದ ಊರು ನನಗೆ ಇನ್ನೊಂದು ಕೆಲಸವನ್ನೂ ಕೊಟ್ಟಿದೆ: ಹೇಳಲು ಯಾರಿಗೂ ಧೈರ್ಯವಿಲ್ಲದ ಮಾತನ್ನು ಹೋಗಿ ಹೇಳಿ ಬರುವುದು. ದೋನ್ಯಾ ಬೆನೀತಾ ಚುಂಗಾಳ ಮನೆಗೆ ನನ್ನನ್ನು ಅಟ್ಟಿದ್ದೂ ಹಾಗೆಯೇ.

ಬೆನೀತಾ ಸಂತೆಯಲ್ಲಿ ಮೀನು ಮಾರುತ್ತಿದ್ದಳು. ಜೊತೆಗೆ ಮೀನುಗಾರರ ಸಂತ ಸಾನ್ ಪೆದ್ರೊನ ಮರದ ವಿಗ್ರಹಕ್ಕೆ ವಸ್ತ್ರ ತೊಡಿಸುವವಳು ಅವಳೇ. ಆ ಹಕ್ಕು ಊರಿನಲ್ಲಿ ಒಬ್ಬಳೇ ಹೆಂಗಸಿಗೆ. ಅವಳು ಸಂತನ ಬಟ್ಟೆ ಬದಲಿಸುವಾಗ ಗಂಡಸರು, ಪಾದ್ರಿಯೂ ಸೇರಿ, ಬೆನ್ನು ತಿರುಗಿಸಿ ನಿಲ್ಲಬೇಕು.

ಅವಳ ಗಂಡ ತೊರಿಬಿಯೊ ಸಮುದ್ರಕ್ಕೆ ಹೋದವನು ಮರಳಲಿಲ್ಲ. ಹುಡುಕಲು ಹೋದವರು ಅವನ ದೋಣಿಯ ಒಂದು ಹುಟ್ಟನ್ನು ಮಾತ್ರ ತಂದರು. ಹೆಣ ಸಿಗದಿದ್ದರೆ ನಾವು ಸತ್ತವನ ಬಟ್ಟೆಯನ್ನು ಮೇಜಿನ ಮೇಲೆ ಮಲಗಿಸಿ, ಮೇಣದಬತ್ತಿ ಹಚ್ಚಿ ಜಾಗರಣೆ ಮಾಡಿ, ಆಮೇಲೆ ಅದನ್ನೇ ಮಣ್ಣು ಮಾಡುತ್ತೇವೆ. ಬಟ್ಟೆಯನ್ನು ಹೆಂಡತಿ ತನ್ನ ಕೈಯಾರೆ ಕೊಡಬೇಕು. ಬೆನೀತಾ ಕೊಡಲಿಲ್ಲ. ವಾರಗಳು ಕಳೆದರೂ ಕೊಡಲಿಲ್ಲ. ಒಂದು ತೊಟ್ಟು ಕಣ್ಣೀರನ್ನೂ ಹಾಕಲಿಲ್ಲ.

"ಬಾ ಎವಾರಿಸ್ತೊ," ಎಂದಳು ನನ್ನನ್ನು ಕಂಡು. "ಬಟ್ಟೆ ಕೇಳೋಕೆ ಬಂದ್ಯಾ, ಗಡ್ಡ ಹೆರೆಯೋಕಾ? ಗಡ್ಡ ನಂಗಿನ್ನೂ ಬಂದಿಲ್ಲ."

"ಊರೋರು ಏನಂತಾರೆ ಅಂದ್ರೆ ಅಕ್ಕಾ..."

"ಊರೋರು ಅನ್ನೋದು ಗೊತ್ತು. ನೀನೇನಂತೀಯ?"

ಅವಳು ಒಳಗೆ ಹೋಗಿ ತೊರಿಬಿಯೊನ ಗುಂಡಿ ಸ್ವೆಟರನ್ನೂ ರಬ್ಬರ್ ಬೂಟುಗಳನ್ನೂ ತಂದು ನನ್ನ ಕೈಗಿಟ್ಟಳು. ಗೆದ್ದೆ ಎಂದುಕೊಂಡೆ. ಎದೆ ಉಬ್ಬಿಸಿಕೊಂಡು ಅವಳ ಹಿಂದೆ ನಡೆದೆ. ಅವಳು ಚರ್ಚಿನತ್ತ ತಿರುಗಿದಳು.

"ಆ ಕಡೆ ತಿರುಗು," ಎಂದಳು ಒಳಗೆ ಹೋಗುತ್ತಲೇ. ನಾನು ಗೋಡೆ ನೋಡುತ್ತ ನಿಂತೆ. ಹಿಂದೆ ಸಂತನ ವೆಲ್ವೆಟ್ ನಿಲುವಂಗಿ ಜಾರುವ ಸದ್ದು, ಆಮೇಲೆ ಅವಳ ದನಿ.

"ತೋಳು ಹಾಕ್ಕೋ. ಹಾಂ, ಹಾಗೆ. ನಿಂಗೆ ಸ್ವಲ್ಪ ದೊಡ್ಡದಾಯ್ತು, ಅವನು ದಪ್ಪ. ಕೇಳು ಪೆದ್ರೊ, ನನ್ನ ಕೈಲಿ ಇನ್ನು ಆಗಲ್ಲ. ಸತ್ತ ಅನ್ನೋಕೂ ಆಗಲ್ಲ, ಬರ್ತಾನೆ ಅನ್ನೋಕೂ ಆಗಲ್ಲ. ಇವತ್ತಿಂದ ಇದನ್ನ ನೀನು ಹೊರು. ಅವನನ್ನ ನೀನೇ ನೋಡ್ಕೋ."

ಆಮೇಲೆ ಅವಳು ಅತ್ತಳು. ಆ ಗೋಡೆಯ ಬಿರುಕುಗಳನ್ನು ನಾನು ಈಗಲೂ ಚಿತ್ರ ಬರೆದು ತೋರಿಸಬಲ್ಲೆ.

ಊರು ರೇಗಿತು. ಪಾದ್ರಿ ನಕ್ಕು ಸುಮ್ಮನಾದರೂ, ಸಂತನ ಸಂಘದ ಮುಖ್ಯಸ್ಥ ದೋನ್ ಕಸಿಮಿರೊ ಸುಮ್ಮನಾಗಲಿಲ್ಲ. ಹಬ್ಬಕ್ಕೆ ಸಂತನನ್ನು ದೋಣಿಯಲ್ಲಿ ಸಮುದ್ರಕ್ಕೆ ಕರೆದೊಯ್ಯಬೇಕು, ಸುತ್ತಲ ಊರುಗಳೆಲ್ಲ ನೋಡಲು ಬರುತ್ತವೆ.

"ಮೀನು ನಾರೋ ಸ್ವೆಟರಲ್ಲಿ ಮೆರವಣಿಗೆಯಾ? ನಮ್ಮ ಮಾನ ಏನಾಗ್ಬೇಕು ಬೆನೀತಾ?"

"ಪೆದ್ರೊ ಏನು ವೆಲ್ವೆಟ್ ಹಾಕ್ಕೊಂಡು ಬಲೆ ಎಳೀತಿದ್ನಾ ದೋನ್ ಕಸಿಮಿರೊ? ಇಷ್ಟು ವರ್ಷದಲ್ಲಿ ಈಗಲೇ ಅವನು ಮೀನುಗಾರನ ಥರ ಕಾಣ್ತಿರೋದು. ಬೇಡ ಅಂದ್ರೆ ನೀವೇ ಬಿಚ್ಚಿ."

ಬಿಚ್ಚುವ ಹಕ್ಕು ಅವನಿಗಿರಲಿಲ್ಲ. ಮೀಸೆ ಕಚ್ಚಿಕೊಂಡು ಹೋದ.

ಹಬ್ಬದ ದಿನ ಸಂತ ಸ್ವೆಟರಿನಲ್ಲೇ ದೋಣಿ ಹತ್ತಿದ. ಅವನ ಮರದ ಪಾದಗಳಿಗೆ ಹತ್ತದ ಬೂಟುಗಳು ಪಕ್ಕದಲ್ಲಿ ನಿಂತಿದ್ದವು. ಬೆನೀತಾ ಕಂಕುಳಲ್ಲೊಂದು ಬಟ್ಟೆಗಂಟು ಇಟ್ಟುಕೊಂಡು ನನ್ನನ್ನೂ ಎಳೆದು ಹತ್ತಿಸಿದಳು. ಹುಟ್ಟು ಸಿಕ್ಕಿದ್ದ ಜಾಗ ಬಂದಾಗ ಎದ್ದು ನಿಂತಳು.

"ತಿರುಗಿ ಎಲ್ಲರೂ."

ದೋಣಿ ದೋಣಿಗಳಲ್ಲಿದ್ದ ಗಂಡಸರೆಲ್ಲ, ಪಕ್ಕದೂರಿನವರು ಕೂಡ, ಬೆನ್ನು ತಿರುಗಿಸಿದರು. ವಾದ್ಯದವರು ನಿಲ್ಲಿಸಿದರು. ಅಷ್ಟು ದೊಡ್ಡ ಸಮುದ್ರದ ನಡುವೆ ಅವಳೂ ಸಂತನೂ ಇಬ್ಬರೇ ಉಳಿದರು. ನನ್ನ ತಲೆ ಹೇಗೂ ದೋಣಿಯಾಚೆಗೆ ಬಾಗಿತ್ತು, ಕಾರಣ ಭಕ್ತಿಯಲ್ಲ. ಹಾಗಾಗಿ ನೀರಿಗಿಳಿದ ಸ್ವೆಟರನ್ನು ಕಂಡವನು ನಾನೊಬ್ಬನೇ. ತೋಳುಗಳನ್ನು ಚಾಚಿಕೊಂಡು ಸ್ವಲ್ಪ ಹೊತ್ತು ತೇಲಿತು, ಆಮೇಲೆ ಮುಳುಗಿತು.

ನಾವು ತಿರುಗಿದಾಗ ಸಂತ ವೆಲ್ವೆಟ್ಟಿನಲ್ಲಿದ್ದ.

"ಅವನು ತೊರಿಬಿಯೊನ್ನ ವಾಪಸ್ ತಂದುಕೊಡಲಿಲ್ಲವಲ್ಲ ಅಕ್ಕಾ," ಎಂದೆ ಬಾಯೊರೆಸಿಕೊಳ್ಳುತ್ತ.

"ನೋಡ್ಕೋ ಅಂದಿದ್ದೆ ಎವಾರಿಸ್ತೊ. ತಂದುಕೊಡು ಅಂದಿರ್ಲಿಲ್ಲ." ಅವಳು ಸಂತನ ಕಾಲರ್ ಸರಿ ಮಾಡಿದಳು. "ನನ್ನನ್ನೂ ನೋಡ್ಕೊಂಡ. ನೀನು ಮೊದ್ಲು ಮುಖ ತೊಳ್ಕೋ."

ಆ ಸಂಜೆ ಅವಳೇ ಎಲ್ಲರನ್ನೂ ಜಾಗರಣೆಗೆ ಕರೆದಳು. ಕಾಫಿ ಕಾಯಿಸಿದಳು, ಬ್ರೆಡ್ ಹಂಚಿದಳು, ಬೇಕೆನಿಸಿದಾಗ ಅತ್ತಳು. ಮೇಜಿನ ಮೇಲೆ ಬೂಟುಗಳು ಮಾತ್ರ ಇದ್ದವು. ಪಕ್ಕದೂರಿನವನೊಬ್ಬ ದೋನ್ ಕಸಿಮಿರೊನ ಕಿವಿಯಲ್ಲಿ ಕೇಳಿದ: "ಏನ್ರೀ ಇದು, ಪಾಪ, ಮಲಗಿಸೋಕೆ ಒಂದು ಬಟ್ಟೇನೂ ಇರ್ಲಿಲ್ವಾ?"

ದೋನ್ ಕಸಿಮಿರೊ ಕಾಫಿ ಲೋಟ ಕೆಳಗಿಟ್ಟ. ಮೀಸೆ ನೀವಿಕೊಂಡ.

"ಇತ್ತು. ಹಬ್ಬಕ್ಕೆ ನಮ್ಮ ಸಾನ್ ಪೆದ್ರೊ ಹಾಕ್ಕೊಂಡಿದ್ದ," ಎಂದ, ಇಡೀ ಮನೆಗೆ ಕೇಳುವಂತೆ. "ನಿಮ್ಮೂರ ಸಂತ ಯಾರ ಬಟ್ಟೆ ಹಾಕ್ಕೋತಾನೆ?"