ಬಲಗೈಗೆ ಬಿಗಿದ ಪಟ್ಟಿ

ಹೆಬ್ಬಾಳದ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರಾಗಿ ಸೇರಿ ಆಗಿನ್ನೂ ವರ್ಷ ತುಂಬಿರಲಿಲ್ಲ. ವಿಜಯಪುರದಿಂದ ಬಂದವಳು, ಆಸ್ಪತ್ರೆಗೆ ಹತ್ತಿರದ ಸಿಂಗಾಪುರ ಬಡಾವಣೆಯಲ್ಲಿ ಬಾಡಿಗೆ ಮನೆ, ಒಬ್ಬಳೇ. ನಮ್ಮ ಕೆಲಸದಲ್ಲಿ ರೋಗಿಯ ಪರಿಚಯವಾಗುವಷ್ಟರಲ್ಲಿ ಅವರಿಗೆ ನಿದ್ದೆ ಬಂದಿರುತ್ತದೆ. ಎದ್ದ ಮೇಲೆ ಅವರು ಕೇಳುವುದು ಸರ್ಜನ್ನರನ್ನು.

ಬಾಗಲೂರಿನ ಹೆಂಗಸೊಬ್ಬರು ಪಿತ್ತಕೋಶದ ಕಲ್ಲಿನ ಆಪರೇಷನ್ನಿಗೆ ಬಂದಿದ್ದರು. ಹಿಂದಿನ ದಿನ ನೋಡಲು ಹೋದಾಗ ಮಂಚದ ಪಕ್ಕ ಯಾರೂ ಇರಲಿಲ್ಲ.

"ಈ ಸಲನಾದ್ರೂ ಪೂರ್ತಿ ನಿದ್ದೆ ಬರೋ ಅಂಗೆ ಮಾಡ್ತೀರಾ ಡಾಕ್ಟ್ರಮ್ಮಾ?" ಎಂದರು. "ಬೇರೆ ಕಡೆ ಗರ್ಭಕೋಶ ತೆಗೆದಾಗ ನಂಗೆಲ್ಲಾ ಕೇಳಿಸ್ತಿತ್ತು. ಕಣ್ಣು ಬಿಡಾಕಾಗ್ಲಿಲ್ಲ, ಬೆರಳು ಆಡಿಸಾಕಾಗ್ಲಿಲ್ಲ. ಕನಸು ಕಂಡಿದೀಯ ಅಂದ್ಬುಟ್ರು ಎಲ್ಲಾರೂ. ನಮ್ ಯಜಮಾನ್ರೂ ಅಂಗೇ ಅಂದ್ರು."

"ನಾನು ನಂಬ್ತೀನ್ರಿ," ಎಂದೆ.

ನಂಬಲು ಕಾರಣವಿತ್ತು. ನಿದ್ದೆಯ ಆಳ ತೋರಿಸುವ ಮಾನಿಟರ್ ಹಣೆಯ ಮೇಲಿಂದ ಮಿದುಳಿನ ಅಲೆಗಳನ್ನು ಓದುತ್ತದೆ; ಅದರ ಅಂಕಿ ಇಳಿದಷ್ಟೂ ನಿದ್ದೆ ಆಳ ಎಂದರ್ಥ. ಹಣೆಯ ಸ್ನಾಯುಗಳ ಮಿಡಿತವೂ ಅದರಲ್ಲಿ ಬೆರೆತುಹೋಗುತ್ತದೆ. ಸ್ನಾಯು ಸಡಿಲಿಸುವ ಮದ್ದು ಕೊಟ್ಟರೆ ಆ ಮಿಡಿತ ನಿಂತು ಅಂಕಿ ಇಳಿಯುತ್ತದೆ. ಮನುಷ್ಯ ಎಚ್ಚರವಾಗಿದ್ದರೂ ಇಳಿಯಬಹುದು. ಆ ಮದ್ದು ಮೈಯನ್ನು ಕಟ್ಟಿಹಾಕುತ್ತದೆಯೇ ಹೊರತು ನಿದ್ದೆ ತರಿಸುವುದಿಲ್ಲ.

ಮಾರನೆಯ ದಿನ ಆ ಮದ್ದು ಕೊಡುವ ಮೊದಲು ಅವರ ಬಲಗೈಗೆ ಬಿಪಿ ನೋಡುವ ಪಟ್ಟಿ ಬಿಗಿದೆ. ರಕ್ತ ತಡೆದರೆ ಮದ್ದು ಆ ಕೈಗೆ ಇಳಿಯುವುದಿಲ್ಲ, ಬೆರಳುಗಳಾದರೂ ಆಡುತ್ತವೆ. ಎಚ್ಚರವಿದ್ದರೆ ನನ್ನ ಕೈ ಅದುಮಿ ಎಂದು ಮೊದಲೇ ಹೇಳಿದ್ದೆ.

ನಿದ್ದೆಯ ಮದ್ದು, ಸ್ನಾಯುವಿನ ಮದ್ದು ಎರಡೂ ಕೊಟ್ಟು ಗಂಟಲಿಗೆ ನಳಿಗೆ ಹಾಕಿದ್ದಾಯಿತು. ಅಂಕಿ ಚೆನ್ನಾಗಿಯೇ ಇಳಿದಿತ್ತು.

"ಶುರು ಮಾಡ್ಲಾ?" ಸರ್ಜನ್ ಕೇಳಿದರು.

"ಒಂದ್ನಿಮಿಷ ಸರ್."

"ನಂಬರ್ ಸರಿಯಾಗೇ ಇದೆಯಲ್ರೀ."

ನಾನು ಕಿವಿಯ ಹತ್ತಿರ ಬಾಗಿ ಹೆಸರು ಹಿಡಿದು ಕರೆದೆ. ಬೆರಳುಗಳು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದವು. ಮತ್ತೊಮ್ಮೆ ಕರೆದೆ, ಮತ್ತೊಮ್ಮೆ ಅದುಮಿದರು. ಮುಖದಲ್ಲಿ ಮಾತ್ರ ಏನೂ ಇರಲಿಲ್ಲ.

"ನಾನಿಲ್ಲೇ ಇದೀನಿ. ಈಗ ನಿದ್ದೆ ಬರುತ್ತೆ," ಎನ್ನುತ್ತಾ ಅರಿವಳಿಕೆ ಹೆಚ್ಚಿಸಿದೆ. ಸ್ವಲ್ಪ ಹೊತ್ತಿಗೆ ಹಿಡಿತ ಸಡಿಲವಾಯಿತು. ಕರೆದರೂ ಕೈ ಆಡದಾದ ಮೇಲೆ ಸರ್ಜನ್ನರಿಗೆ ತಲೆಯಾಡಿಸಿದೆ. ಅವರು ಶುರು ಮಾಡಿದರು.

ಸಂಜೆ ವಾರ್ಡಿಗೆ ಹೋದಾಗ ಅವರ ಗಂಡ ಬಂದಿದ್ದರು.

"ಏನೂ ಗೊತ್ತಾಗ್ಲಿಲ್ಲ ಕಣವ್ವಾ," ಎಂದು ಆಕೆ ಅತ್ತರು.

ನನ್ನ ಕೈ ಹಿಡಿದದ್ದೂ ಅವರಿಗೆ ನೆನಪಿರಲಿಲ್ಲ. ಹಿಂದಿನ ಸಲ ಆದದ್ದು ಕನಸಲ್ಲ, ಹಾಗೆ ಆಗುವುದುಂಟು ಎಂದು ಗಂಡನೆದುರಿಗೇ ಹೇಳಿದೆ.

"ಕೇಳಿಸ್ಕಂಡ್ರಾ?" ಎಂದರು ಆಕೆ. ಗಂಡ ಸ್ಟೂಲೆಳೆದುಕೊಂಡು ಮಂಚದ ಪಕ್ಕ ಕೂತರು.

ಸಿಂಗಾಪುರಕ್ಕೆ ಬಂದು ಬೀಗ ತೆಗೆದೆ. ರೊಟ್ಟಿ ಬಿಸಿ ಮಾಡಿಕೊಳ್ಳುವಾಗ ಇದನ್ನೆಲ್ಲ ಯಾರಿಗಾದರೂ ಹೇಳಬೇಕೆನಿಸಿತು. ಫೋನಿನಲ್ಲಿ ಹೆಸರುಗಳನ್ನು ನೋಡುತ್ತ ಹೋದೆ. ನಾನಾಗಿ ಫೋನು ಮಾಡುವುದೇ ಅಪರೂಪ; ಯಾರಿಗೆ ಮಾಡಿದರೂ ಮೊದಲು, ಏನಾಯ್ತು, ಹುಷಾರಿದೀಯಾ ಎಂದು ಗಾಬರಿಯಾಗುತ್ತಾರೆ. ಫೋನು ಕೆಳಗಿಟ್ಟು ಊಟ ಮಾಡಿದೆ.